ಬರೆದುಕೊಂಡು ಹೋದವರು ಮತ್ತೆ ಬಂದರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಆರೋಗ್ಯದ ಸರ್ವೆಗೆಂದು ಮನೆ ಮನೆ ಸುತ್ತಿದವರಿಗೆ ಒಂದಲ್ಲ ಒಂದು ದಿನ ಈ ಮಾತು ಎದುರಾಗುತ್ತದೆ. ನನಗೂ ಎದುರಾಯಿತು. ಕೈಯಲ್ಲಿ ಹನ್ನೆರಡು ಪುಟದ ಫಾರ್ಮ್ ಇತ್ತು. ಮುಂದೆ ಕೂತಿದ್ದ ಅಕ್ಕ ನಾಲ್ಕು ಪುಟದವರೆಗೆ ತಾಳ್ಮೆಯಿಂದ ಉತ್ತರ ಹೇಳಿದರು. ವಯಸ್ಸೆಷ್ಟು, ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದವು, ಕುಡಿಯೋ ನೀರು ಎಲ್ಲಿಂದ, ಹೋದ ತಿಂಗಳು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ. ಐದನೇ ಪುಟ ತಿರುಗಿಸುವಾಗ ಮೆಲ್ಲಗೆ ಕೇಳಿದರು: "ಮೇಡಂ, ಹೋದ ಸಲ ಬಂದವರೂ ಇದನ್ನೇ ಕೇಳಿ ಬರೆದುಕೊಂಡು ಹೋದರು. ಅದು ಏನಾಯ್ತು?"

ನನಗೆ ಗೊತ್ತಿರಲಿಲ್ಲ. ಹೋದ ಸಲ ಬಂದವರು ಯಾರು ಅನ್ನುವುದೂ ಗೊತ್ತಿರಲಿಲ್ಲ. ಮಗು ಕಳೆದುಕೊಂಡ ಸಂಗತಿಯನ್ನು ಅವರು ಎರಡು ಸಲ, ಇಬ್ಬರು ಅಪರಿಚಿತರ ಮುಂದೆ ಹೇಳಿದ್ದರು. ಎರಡು ಸಲವೂ ಅದು ಒಂದು ಅಂಕಿಯಾಗಿ ಯಾವುದೋ ಊರಿನ ಯಾವುದೋ ಕಂಪ್ಯೂಟರ್ ಸೇರಿತು. ಅವರ ಕಡೆಗೆ ಏನೂ ತಿರುಗಿ ಬರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಪ್ರಶ್ನೆಯನ್ನು ಎದೆಗೆ ಹಚ್ಚಿಕೊಂಡ ಒಂದು ಕೆಲಸದ ಕ್ರಮದ ಬಗ್ಗೆ. ಸಮುದಾಯ ಸಹಭಾಗಿತ್ವದ ಸಂಶೋಧನೆ ಅಂತ ಅದಕ್ಕೆ ಹೆಸರು. ಹೆಸರು ಉದ್ದ ಆಯಿತು, ವಿಷಯ ಮಾತ್ರ ಸರಳ. ಯಾರ ಆರೋಗ್ಯದ ಬಗ್ಗೆ ಸಂಶೋಧನೆ ನಡೆಯುತ್ತದೋ ಅವರು ಮೊದಲ ದಿನದಿಂದಲೇ ಸಂಶೋಧಕರ ಜೊತೆ ಕೂತಿರಬೇಕು. ಏನನ್ನು ಹುಡುಕಬೇಕು, ಹೇಗೆ ಕೇಳಬೇಕು, ಸಿಕ್ಕ ಉತ್ತರದಿಂದ ಏನು ಮಾಡಬೇಕು, ಎಲ್ಲದರಲ್ಲೂ ಅವರ ಮಾತು ನಡೆಯಬೇಕು. ರಕ್ತ ಕೊಡುವುದಕ್ಕೆ, ಫಾರ್ಮ್ ತುಂಬಿಸುವುದಕ್ಕೆ ಮಾತ್ರ ಅವರನ್ನು ಕರೆಯುವುದಲ್ಲ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ನಾನು ಯಾವಾಗಲೂ ಹೇಳುವ ಒಂದು ಕಥೆ ಇದೆ. ನಡೆದ ಕಥೆ. ಈ ಉದ್ದದ ಹೆಸರು ಬಳಕೆಗೆ ಬರುವುದಕ್ಕೂ ಮುಂಚಿನದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಯಾಗರಾ ಫಾಲ್ಸ್ ಅನ್ನುವ ಪಟ್ಟಣ. ಅಲ್ಲಿ ಅರ್ಧ ತೋಡಿ ಬಿಟ್ಟ ಒಂದು ಕಾಲುವೆ ಇತ್ತು, ಲವ್ ಕೆನಾಲ್ ಅಂತ. 1942ರಿಂದ 1953ರವರೆಗೆ ಒಂದು ರಾಸಾಯನಿಕ ಕಂಪನಿ ಸುಮಾರು 21,000 ಟನ್ ವಿಷದ ತ್ಯಾಜ್ಯವನ್ನು ಅದರಲ್ಲಿ ಹೂಳಿತು. ಮೇಲೆ ಮಣ್ಣು ಮುಚ್ಚಿ, ಆ ಜಾಗವನ್ನು ಒಂದು ಡಾಲರಿಗೆ ಅಲ್ಲಿನ ಶಾಲಾ ಮಂಡಳಿಗೆ ಮಾರಿತು. ಅಲ್ಲಿ ಶಾಲೆ ಎದ್ದಿತು. ಸುತ್ತ ಮನೆಗಳು ಎದ್ದವು.

1978ರಲ್ಲಿ ಆ ಬಡಾವಣೆಯ ಲೋಯಿಸ್ ಗಿಬ್ಸ್ ಅನ್ನುವ ಎಳೆಯ ತಾಯಿ ಪತ್ರಿಕೆಯಲ್ಲಿ ಈ ಸುದ್ದಿ ಓದಿದರು. ಅವರ ಮಗ ಅದೇ ಶಾಲೆಗೆ ಹೋಗುತ್ತಿದ್ದ. ಶಾಲೆ ಸೇರಿದ ಮೇಲೆ ಅವನಿಗೆ ಫಿಟ್ಸ್ ಶುರುವಾಗಿತ್ತು. ಮಗನನ್ನು ಬೇರೆ ಶಾಲೆಗೆ ಹಾಕಿ ಅಂತ ಕೇಳಿದರು. ಆಗಲಿಲ್ಲ. ಆಗ ಒಂದು ಅರ್ಜಿ ಹಿಡಿದು ಬಾಗಿಲು ಬಾಗಿಲು ತಟ್ಟಿದರು. ಸಹಿ ಕೇಳಲು ಹೋದವರಿಗೆ ಪ್ರತಿ ಬಾಗಿಲಲ್ಲೂ ಒಂದೊಂದು ಸಂಕಟ ಸಿಕ್ಕಿತು. ಒಂದು ಮನೆಯಲ್ಲಿ ಗರ್ಭಪಾತ, ಇನ್ನೊಂದರಲ್ಲಿ ಹುಟ್ಟುವಾಗಲೇ ದೋಷವಿದ್ದ ಮಗು, ಮತ್ತೊಂದರಲ್ಲಿ ಉಬ್ಬಸ.

ಅವರು ಬೀದಿಗಳ ನಕ್ಷೆ ತಂದು ಕಾಯಿಲೆ ಇದ್ದ ಮನೆಗಳನ್ನೆಲ್ಲ ಗುರುತು ಹಾಕುತ್ತಾ ಹೋದರು. ಕಾಲುವೆಗೆ ಹತ್ತಿರ ಇದ್ದಷ್ಟೂ ಕಾಯಿಲೆ ಜಾಸ್ತಿ ಇರಬೇಕಿತ್ತು, ಅಲ್ವಾ? ಹಾಗಿರಲಿಲ್ಲ. ಗುರುತುಗಳು ದೂರದ ಬೀದಿಗಳಲ್ಲೂ ಬಿದ್ದವು. ಬಿದ್ದದ್ದು ಚೆಲ್ಲಾಪಿಲ್ಲಿಯಾಗಿ ಅಲ್ಲ, ಸಾಲು ಹಿಡಿದ ಹಾಗೆ. ಈ ಸಾಲುಗಳಿಗೆ ಏನರ್ಥ? ಅಲ್ಲಿ ಬಹಳ ವರ್ಷಗಳಿಂದ ಇದ್ದ ಹಿರಿಯರನ್ನು ಕೇಳಿದಾಗ ಗೊತ್ತಾಯಿತು. ಮನೆ ಕಟ್ಟುವ ಮೊದಲು ಅಲ್ಲೆಲ್ಲ ನೀರು ಹರಿಯುವ ತಗ್ಗುಗಳಿದ್ದವು. ಅವನ್ನು ಮಣ್ಣು ತುಂಬಿ ಮಟ್ಟ ಮಾಡಿ ಬೀದಿ ಎಳೆದಿದ್ದರು. ಮೇಲೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ನಕ್ಷೆಯ ಗುರುತುಗಳು ಆ ಹಳೆಯ ತಗ್ಗುಗಳ ಜಾಡಿನಲ್ಲೇ ಇದ್ದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ತಗ್ಗುಗಳ ನೆನಪು ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ಅದಿದ್ದದ್ದು ಅಲ್ಲಿ ಬಾಳಿದ ಜನರ ತಲೆಯಲ್ಲಿ. ಆದರೆ ನೆನಪು ಒಂದೇ ಸಾಲದು. ಒಂದು ಬೀದಿಯಲ್ಲಿ ಹತ್ತು ಮನೆಗೆ ಮೂರು ಮನೆಯಲ್ಲಿ ಕಾಯಿಲೆ ಅಂದರೆ ಜಾಸ್ತಿನಾ, ಕಡಿಮೆನಾ? ಪಕ್ಕದ ಒಣ ಬೀದಿಯಲ್ಲೂ ಮೂರೇ ಇದ್ದರೆ? ಎಲ್ಲಾ ಬಾಗಿಲೂ ತಟ್ಟಿದ್ದೀರಾ, ಕಾಯಿಲೆ ಇದ್ದ ಮನೆಯವರಷ್ಟೇ ಬಾಯಿ ಬಿಟ್ಟರಾ? ಈ ಲೆಕ್ಕ ಗೊತ್ತಿದ್ದವರು ಬೆವರ್ಲಿ ಪೈಗನ್ ಅನ್ನುವ ವಿಜ್ಞಾನಿ, ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಇದ್ದವರು. ಹೇಗೆ ಕೇಳಬೇಕು, ಹೇಗೆ ಎಣಿಸಬೇಕು, ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಅನ್ನುವುದನ್ನು ಅವರು ಆ ಹೆಂಗಸರ ಜೊತೆ ಕೂತು ಸರಿಮಾಡಿದರು. ತಗ್ಗಿನ ಮೇಲಿನ ಮನೆಗಳಲ್ಲಿ ಗರ್ಭಪಾತ, ಹುಟ್ಟುದೋಷ ಎರಡೂ ಜಾಸ್ತಿ ಅಂತ ಲೆಕ್ಕ ತೋರಿಸಿತು.

ರಾಜ್ಯದ ಅಧಿಕಾರಿಗಳ ಕಡೆಯಿಂದ ಬಂದ ಉತ್ತರ, ಇದು ಗೃಹಿಣಿಯರ ಲೆಕ್ಕ, ಕೆಲಸಕ್ಕೆ ಬಾರದ್ದು ಅಂತ. ಈ ಮಾತು ಓದಿದಾಗಲೆಲ್ಲ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. 1978ರಲ್ಲಿ ಕಾಲುವೆಗೆ ಅಂಟಿಕೊಂಡ 239 ಕುಟುಂಬಗಳನ್ನು ಮಾತ್ರ ಸ್ಥಳಾಂತರ ಮಾಡಿದರು. ಆಚೆಯ ಬೀದಿಗಳ ಜನ ಹೋರಾಡುತ್ತಲೇ ಇದ್ದರು. 1980ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅವರಿಗೂ ಹೊರಹೋಗಲು ದಾರಿ ಮಾಡಿಕೊಟ್ಟಿತು. ವಿಷದ ಜಾಗಗಳನ್ನು ಶುದ್ಧ ಮಾಡಿಸುವ ಸೂಪರ್‌ಫಂಡ್ ಕಾನೂನು ಬಂದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತ್ಯಾಜ್ಯ ಸುರಿಯುತ್ತಿದ್ದ ವರ್ಷಗಳಲ್ಲಿ ಆ ತಗ್ಗುಗಳ ಜಾಡಿನಲ್ಲಿ ಕಡಿಮೆ ತೂಕದ ಮಕ್ಕಳು ಹೆಚ್ಚಾಗಿ ಹುಟ್ಟಿದ್ದವು ಅಂತ ಅದರಲ್ಲಿತ್ತು. ಗೃಹಿಣಿಯರು ನಕ್ಷೆಯಲ್ಲಿ ಗುರುತು ಹಾಕಿ ತೋರಿಸಿದ ಅದೇ ತಗ್ಗುಗಳು.

ಇಂಥದ್ದು ಅದಕ್ಕೂ ಬಹಳ ಹಿಂದೆ ನಡೆದಿತ್ತು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಬೀದಿಯ ಪಂಪಿನ ನೀರಿನತ್ತ ಬೆರಳು ತೋರಿಸಿದ ವಿಷಯ ತುಂಬಾ ಜನರಿಗೆ ಗೊತ್ತು. ಹೆನ್ರಿ ವೈಟ್‌ಹೆಡ್ ಹೆಸರು ಅಷ್ಟಾಗಿ ಗೊತ್ತಿಲ್ಲ. ಅವರು ಅಲ್ಲೇ ಹತ್ತಿರದ ಚರ್ಚಿನ ಪಾದ್ರಿ. ಸ್ನೋ ಹೇಳುವುದು ತಪ್ಪು ಅಂತ ತೋರಿಸಲಿಕ್ಕೇ ಹೊರಟವರು. ಪ್ರತಿ ಮನೆಯ ಪರಿಚಯ ಇದ್ದದ್ದರಿಂದ ಒಂದೊಂದು ಮನೆಗೂ ಮತ್ತೆ ಮತ್ತೆ ಹೋಗಿ ಕೇಳಿದರು. ಕೊನೆಗೆ 40ನೇ ನಂಬರಿನ ಮನೆಯ ಹಸುಗೂಸಿನ ಸಾವಿನ ಹತ್ತಿರ ಬಂದು ನಿಂತರು. ಕೂಸಿನ ಬಟ್ಟೆ ತೊಳೆದ ನೀರನ್ನು ತಾಯಿ ಮನೆ ಮುಂದಿನ ಕೊಳಚೆ ಗುಂಡಿಗೆ ಸುರಿದಿದ್ದಳು. ಆ ಗುಂಡಿಗೂ ಪಂಪಿನ ಬಾವಿಗೂ ಮೂರಡಿಯ ಅಂತರವೂ ಇರಲಿಲ್ಲ. ಊಹೆ ಡಾಕ್ಟರದ್ದು. ಆ ತಾಯಿ ಬಾಯಿಬಿಟ್ಟು ಹೇಳಿದ್ದು ತನಗೆ ಗೊತ್ತಿದ್ದ ಪಾದ್ರಿಯ ಹತ್ತಿರ.

ಈ ವಿಚಾರ ಬೆಳೆದ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1946ರಲ್ಲಿ ಕರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರಜ್ಞ, ಕೆಲಸ ಮಾಡುತ್ತಲೇ ಕಲಿಯುವ ಸಂಶೋಧನೆಯ ಬಗ್ಗೆ ಬರೆದರು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ, ಕೊಲಂಬಿಯಾದ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೋರ್ಡಾ, ಬಡವರನ್ನು ಬರೀ ಕಲಿಯುವವರು ಅಂತ ನೋಡಬೇಡಿ, ಅವರ ಹತ್ತಿರವೂ ಅರಿವಿದೆ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನವೊಂದರಲ್ಲಿ ಹೊರಟ 1978ರ ಅಲ್ಮಾ ಆಟಾ ಘೋಷಣೆ, ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು, ಕರ್ತವ್ಯ ಎರಡೂ ಹೌದು ಅಂತ ಸಾರಿತು. 1998ರಲ್ಲಿ ಅಮೆರಿಕದ ಸಂಶೋಧಕಿ ಬಾರ್ಬರಾ ಇಸ್ರೇಲ್ ಮತ್ತು ಜೊತೆಗಾರರು ಈ ಕ್ರಮದ ತತ್ವಗಳನ್ನು ಒಂದು ಕಡೆ ಬರೆದಿಟ್ಟ ಮೇಲೆ ಸಾರ್ವಜನಿಕ ಆರೋಗ್ಯದವರ ಬಾಯಲ್ಲಿ ಈ ಹೆಸರು ನಿಂತಿತು.

ಜೊತೆಗೆ ಕೂರಿಸಿಕೊಂಡರೆ ಜೀವ ಉಳಿಯುತ್ತದಾ? ಉಳಿಯುತ್ತದೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಏಕಜುಟ್ ಅನ್ನುವ ಸಂಸ್ಥೆ 2005ರಿಂದ 2008ರವರೆಗೆ ಒಂದು ದೊಡ್ಡ ಪ್ರಯೋಗದಲ್ಲಿ ಕೆಲಸ ಮಾಡಿತು. ಅಲ್ಲಿನ ಹೆಚ್ಚಿನ ಹೆಂಗಸರು ಆದಿವಾಸಿಗಳು, ತುಂಬಾ ಜನರಿಗೆ ಓದು ಬರಹ ಇಲ್ಲ. ತಿಂಗಳಿಗೊಮ್ಮೆ ಹೆಂಗಸರು ಸೇರುತ್ತಿದ್ದರು. ಸಭೆ ನಡೆಸುತ್ತಿದ್ದವಳು ಅದೇ ಪ್ರದೇಶದ ಹೆಂಗಸು, ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಚಿತ್ರದ ಕಾರ್ಡುಗಳನ್ನು ಮುಂದಿಟ್ಟುಕೊಂಡು ಬಾಣಂತಿಗೆ, ಕೂಸಿಗೆ ಏನೇನು ತೊಂದರೆ ಆಗುತ್ತದೆ ಅಂತ ಮಾತಾಡುತ್ತಿದ್ದರು. ಯಾವುದು ಮೊದಲು ಸರಿಹೋಗಬೇಕು ಅನ್ನುವುದನ್ನು ಅವರೇ ಆರಿಸುತ್ತಿದ್ದರು. ಏನು ಮಾಡೋಣ ಅಂತ ಅವರೇ ತೀರ್ಮಾನಿಸಿ, ಮಾಡಿ, ಆಮೇಲೆ ಅದು ಎಷ್ಟು ಸರಿಹೋಯಿತು ಅಂತ ತಾವೇ ನೋಡುತ್ತಿದ್ದರು. ಫಲಿತಾಂಶ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಗುಂಪುಗಳಿದ್ದ ಕಡೆ ಹುಟ್ಟಿದ ಮೊದಲ ತಿಂಗಳೊಳಗೆ ಸಾಯುವ ಕೂಸುಗಳ ಪ್ರಮಾಣ ಗುಂಪುಗಳಿಲ್ಲದ ಕಡೆಗಿಂತ 32% ಕಡಿಮೆ ಇತ್ತು. ಮನೆಯಲ್ಲೇ ಹೆರಿಗೆ ಆದಾಗ ಹೆರಿಗೆ ಮಾಡಿಸುವವರು ಕೈ ತೊಳೆಯುವುದು, ಹೊಕ್ಕುಳ ಬಳ್ಳಿ ಕಟ್ಟುವ ದಾರವನ್ನು ಕುದಿಸುವುದು, ಇಂಥ ಸಣ್ಣ ಸಣ್ಣ ಬದಲಾವಣೆಗಳು ಅಲ್ಲಿ ಕಂಡವು. ಕೈ ತೊಳೆಯಿರಿ ಅಂತ ಗೋಡೆ ಮೇಲೆ ಯಾರು ಬೇಕಾದರೂ ಬರೆಯಬಹುದು. ನಮ್ಮ ಕೂಸು ಯಾಕೆ ಸತ್ತಿತು ಅಂತ ಹತ್ತು ಜನ ಕೂತು ಮಾತಾಡಿ, ಕೈ ತೊಳೆಯೋಣ ಅನ್ನುವ ತೀರ್ಮಾನಕ್ಕೆ ಬಂದರೆ ಆ ಮಾತಿಗೆ ಬೇರೆಯೇ ತೂಕ.

ಜೊತೆಗೆ ಕೂರಿಸಿಕೊಳ್ಳದಿದ್ದರೆ ಏನಾಗುತ್ತದೆ? ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿ ಹವಾಸುಪಾಯಿ ಅನ್ನುವ ಮೂಲನಿವಾಸಿಗಳಿದ್ದಾರೆ. ಅವರ ಹಳ್ಳಿಗೆ ಇವತ್ತಿಗೂ ಕಾರು ಹೋಗುವ ರಸ್ತೆ ಇಲ್ಲ. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ ಇತ್ತು. 1990ರಿಂದ ಒಂದು ವಿಶ್ವವಿದ್ಯಾಲಯದವರು ಬಂದು ರಕ್ತ ತೆಗೆದುಕೊಂಡರು. ಸಕ್ಕರೆ ಕಾಯಿಲೆಯ ಸಂಶೋಧನೆಗೆ ಅಂತಲೇ ಜನ ಕೊಟ್ಟರು. 2003ರಲ್ಲಿ ಆ ಬುಡಕಟ್ಟಿನ ಒಬ್ಬ ಮಹಿಳೆ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌ಡಿ ಪ್ರಬಂಧದ ಮಂಡನೆ ಕೇಳಲು ಹೋದರು. ತಮ್ಮವರ ರಕ್ತದ ಮೇಲೆ ಬೇರೆಯದೇ ಸಂಶೋಧನೆ ನಡೆದದ್ದು ಗೊತ್ತಾಯಿತು. ಇದಕ್ಕೆ ಒಪ್ಪಿಗೆ ತೆಗೆದುಕೊಂಡಿದ್ದೀರಾ ಅಂತ ಅಲ್ಲೇ ಕೇಳಿದರು. ಆ ರಕ್ತವನ್ನು ಮಾನಸಿಕ ಕಾಯಿಲೆಯ ಬಗ್ಗೆ, ಹತ್ತಿರದ ರಕ್ತಸಂಬಂಧದೊಳಗೇ ಮಕ್ಕಳಾಗುವುದರ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವುದರ ಬಗ್ಗೆ ಬಳಸಲಾಗಿತ್ತು. ನಾವು ಹುಟ್ಟಿದ್ದೇ ಈ ಕಣಿವೆಯಲ್ಲಿ ಅಂತ ನಂಬಿದ ಜನ ಅವರು. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಎಲ್ಲಕ್ಕೂ ಜಾಗ ಇರುವ ಹಾಗೆ ಅಗಲವಾದ ಮಾತುಗಳಿದ್ದವು. ಬಾಯಲ್ಲಿ ಹೇಳಿದ್ದು ಮಾತ್ರ ಸಕ್ಕರೆ ಕಾಯಿಲೆ. 2010ರಲ್ಲಿ ರಾಜಿಯಾಯಿತು. 41 ಜನರಿಗೆ ಒಟ್ಟು 7,00,000 ಡಾಲರ್ ಪರಿಹಾರ ಸಿಕ್ಕಿತು, ಫ್ರೀಜರ್‌ನಲ್ಲಿ ಉಳಿದಿದ್ದ ರಕ್ತ ಅವರಿಗೆ ವಾಪಸ್ ಬಂತು.

ಕೆನಡಾದ ಮೂಲನಿವಾಸಿಗಳು ಇಂಥ ಅನುಭವ ಸಾಕಷ್ಟು ಕಂಡೇ 1998ರಲ್ಲಿ ತಮ್ಮದೊಂದು ನಿಯಮ ಮಾಡಿಕೊಂಡರು. ನಮ್ಮ ಬಗ್ಗೆ ಕೂಡಿಸಿದ ಮಾಹಿತಿಯ ಒಡೆತನ ನಮ್ಮದು, ಹಿಡಿತ ನಮ್ಮದು, ನೋಡುವ ಹಕ್ಕು ನಮ್ಮದು, ಅದು ಇರಬೇಕಾದದ್ದೂ ನಮ್ಮ ಕೈಯಲ್ಲೇ. ನನಗೆ ಇದು ತುಂಬಾ ಹಿಡಿಸಿದ ನಿಯಮ. ರಕ್ತ ನನ್ನ ಮೈಯಿಂದ ಹೋಗಿದೆ, ಸಾವಿನ ಲೆಕ್ಕ ನನ್ನ ಮನೆಯಿಂದ ಹೋಗಿದೆ, ಅದು ಎಲ್ಲಿದೆ ಅಂತ ಕೇಳುವುದು ಅಧಿಕಪ್ರಸಂಗ ಹೇಗಾಗುತ್ತದೆ?

ಇದೆಲ್ಲ ಸಲೀಸು ಅಂತ ನಾನು ಹೇಳುತ್ತಿಲ್ಲ. ಜನರ ನಂಬಿಕೆ ಗಳಿಸಲು ವರ್ಷಗಳು ಬೇಕು, ಪ್ರಾಜೆಕ್ಟಿನ ಹಣ ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಸಮುದಾಯ ಅಂದರೆ ಯಾರು? ಸಭೆ ಕರೆದರೆ ಮುಂದಿನ ಸಾಲಿನಲ್ಲಿ ಕೂರುವವರು, ಜೋರಾಗಿ ಮಾತಾಡುವವರು ಇದ್ದೇ ಇರುತ್ತಾರೆ. ಅವರು ಹೌದು ಅಂದರೆ ಎಲ್ಲರೂ ಹೌದು ಅಂದ ಹಾಗೆ ಬರೆದುಕೊಂಡು ಬಂದುಬಿಡುತ್ತೇವೆ. ಹಿಂದೆ ಗೋಡೆಗೆ ಒರಗಿ ನಿಂತವರು, ಕೂಲಿ ಬಿಟ್ಟು ಬರಲಾಗದವರು, ಆ ಕಾಯಿಲೆಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳಲಾಗದವರು ಲೆಕ್ಕಕ್ಕೆ ಬರುವುದೇ ಇಲ್ಲ. ಸಭೆಯ ಹೊತ್ತು ಯಾರಿಗೆ ಅನುಕೂಲ ಅಂತ ಮೊದಲು ನೋಡಬೇಕು. ಬಂದವರ ಆ ದಿನದ ದುಡಿಮೆ ಹೋದರೆ ಅದನ್ನು ತುಂಬಿಕೊಡಬೇಕು. ಸಂಶೋಧಕರಿಗೆ ಸಂಬಳ ಇದೆ, ಊರಿನ ಜನ ಮಾತ್ರ ಸುಮ್ನೆ ಬರಬೇಕು ಅನ್ನುವುದು ನ್ಯಾಯ ಅಲ್ಲ. ಇನ್ನು ಕೆಲವು ಕಡೆ ಎಲ್ಲಾ ತೀರ್ಮಾನ ಆದ ಮೇಲೆ ಜನರನ್ನು ಕರೆದು, ಫೋಟೋ ತೆಗೆದು, ಸಹಭಾಗಿತ್ವ ಅಂತ ವರದಿ ಬರೆಯುತ್ತಾರೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಅನ್ನುವವರು 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬರೆದು ತೋರಿಸಿದ್ದರು. ಕೆಳಗಿನ ಎರಡು ಮೆಟ್ಟಿಲನ್ನು ಅವರು ಪಾಲ್ಗೊಳ್ಳುವಿಕೆ ಅಂತ ಒಪ್ಪಲೇ ಇಲ್ಲ. ತೀರ್ಮಾನ ಜನರ ಕೈಯಲ್ಲಿರುವುದು ಎಂಟನೆಯದು.

ಮೊದಲು ಹೇಳಿದ ಆ ಅಕ್ಕನ ಮನೆಯಲ್ಲಿ ಅವತ್ತು ಹನ್ನೆರಡು ಪುಟ ಮುಗಿಸಿದ ಮೇಲೆ ನಾನು ಪೆನ್ನು ಕೆಳಗಿಟ್ಟೆ. "ಅಕ್ಕಾ, ಇದರಲ್ಲಿ ಇಲ್ಲದ್ದು ಏನಾದರೂ ನಾವು ಕೇಳಬೇಕಿತ್ತಾ?" ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಾವು ಕೆಲಸ ಮುಗಿಸಿ ಬರೋ ಹೊತ್ತಿಗೆ ಆಸ್ಪತ್ರೆ ಬಾಗಿಲು ಹಾಕಿರುತ್ತೆ. ಅದನ್ನ ಯಾರೂ ಕೇಳಲ್ವಲ್ಲ ಮೇಡಂ" ಅಂದರು.

ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಕೊನೆಯ ಪುಟದ ಹಿಂದೆ ಬರೆದುಕೊಂಡೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು "ಹೂಂ, ಅದೇ" ಅಂದರು.

ನಮಸ್ಕಾರ.