ಫ್ಯಾನ್ ಆರಿಸಿ ಕೇಳಿದ ಆಲ್ಬಮ್

ಕೇಳುಗರೇ, ನಮಸ್ಕಾರ.

ಮೇ ತಿಂಗಳ ಕಲಬುರಗಿಯಲ್ಲಿ, ಮಧ್ಯಾಹ್ನ ಎರಡಕ್ಕೆ, ಬೇಕಂತಲೇ ಯಾರಾದರೂ ಫ್ಯಾನ್ ಆರಿಸ್ತಾರಾ? ಹೋದ ವಾರ ನಾನು ಆರಿಸಿದೆ. ಒಂದು ಜಾಝ್ ಆಲ್ಬಮ್ ಕೇಳಬೇಕಿತ್ತು. ಫ್ಯಾನ್ ತಿರುಗುತ್ತಿದ್ದರೆ ಅದರ ಡ್ರಮ್ಸ್ ಕೇಳಿಸುವುದೇ ಇಲ್ಲ.

ಅಮೆರಿಕದ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ‘ಮೂನ್ ಬೀಮ್ಸ್’ ಅದು. ಪಿಯಾನೊ, ಆಳೆತ್ತರದ ತಂತಿವಾದ್ಯ ಬಾಸ್, ಡ್ರಮ್ಸ್, ಮೂರೇ ಜನ. 1962ರ ಮೇ, ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದದ್ದು. ಬಹುತೇಕ ಬ್ಯಾಲಡ್‌ಗಳೇ, ಅಂದ್ರೆ ನಿಧಾನದ ಹಾಡುಗಳು. ಅದೇ ದಿನಗಳಲ್ಲಿ ನುಡಿಸಿದ ಚುರುಕಿನವನ್ನು ಬೇರೆ ತೆಗೆದು ಇನ್ನೊಂದು ಆಲ್ಬಮ್ ಮಾಡಿದರು.

ಹಿಂದೂಸ್ತಾನಿಯ ವಿಲಂಬಿತ್ ಖ್ಯಾಲ್, ಅಂದ್ರೆ ನಿಧಾನಗತಿಯ ಗಾಯನ, ಕೇಳಿದ ನಮಗೆ ನಿಧಾನ ಹೊಸದಲ್ಲ. ಆದರೆ ಹಾಡುವವರು ಷಡ್ಜ ಹಿಡಿದರೆ ಉಸಿರಿರುವ ತನಕ ನಿಲ್ಲಿಸಬಹುದು. ಮೀಂಡ್ ಎಳೆಯಬಹುದು, ಅಂದ್ರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಹಿಂದೆ ತಂಬೂರಿ ಇದ್ದೇ ಇರುತ್ತದೆ. ಪಿಯಾನೊಗೆ ಇದ್ಯಾವುದೂ ಇಲ್ಲ. ಒಳಗಿನ ಸುತ್ತಿಗೆ ತಂತಿಗೆ ತಾಗಿದ್ದೇ ತಡ, ಸ್ವರ ಸಾಯಲು ಶುರು. ಪೆಡಲ್ ಒತ್ತಿದರೆ ಇನ್ನೊಂಚೂರು ಉಳಿಯುತ್ತದೆ, ಅಷ್ಟೇ. ಹಾಗಾಗಿ ನಿಧಾನವಾದಷ್ಟೂ ನಡುವೆ ಬಯಲು ಜಾಸ್ತಿ. ಅವಸರದ ಕೈ ಅಲ್ಲೆಲ್ಲ ಸ್ವರ ಸುರಿಯುತ್ತದೆ. ಇವಾನ್ಸ್ ಸುರಿಯುವುದಿಲ್ಲ. ಆ ಬಯಲಲ್ಲಿ ಬಾಸ್‌ನ ಒಂದು ದಪ್ಪ ಸ್ವರ ಬಂದು ಕೂರುತ್ತದೆ. ಪಾಲ್ ಮೋಷನ್ ತಂತಿಯ ಬ್ರಷ್ ಹಿಡಿದು ಡ್ರಮ್ಮಿನ ಮೇಲೆ ಸುತ್ತ ಸವರುತ್ತಾರೆ.

ಆ ಸದ್ದು ಎಲ್ಲೋ ಕೇಳಿದಂತಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರದ ತುಂಬ ಅಂಗೈ ಆಡಿಸಿ ಕಲ್ಲು ಹುಡುಕುತ್ತಿದ್ದಳು. ಸರ್... ಸರ್... ಯಾವುದು ನ್ಯೂಯಾರ್ಕಿನದು, ಯಾವುದು ನಮ್ಮನೆಯದು, ಸ್ವಲ್ಪ ಹೊತ್ತು ತಿಳಿಯಲೇ ಇಲ್ಲ.

“ಇಷ್ಟು ನಿಂತ್ ನಿಂತ್ ಯಾಕ ಬಾರಸ್ಲಾಕತ್ಯಾರ?” ಅಂದಳು ಅವ್ವ.

ಹೇಳಿದೆ. ಇವರ ಜೊತೆ ಮೊದಲು ಸ್ಕಾಟ್ ಲಫಾರೊ ಅಂತ ಬಾಸ್ ನುಡಿಸುವ ಹುಡುಗ ಇದ್ದ. 1961ರ ಜೂನ್ 25ರಂದು ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಮೂವರೂ ನುಡಿಸಿದ್ದು ರೆಕಾರ್ಡ್ ಆಯಿತು. 11 ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25. ಇವಾನ್ಸ್ ಕೆಲವು ತಿಂಗಳು ವೇದಿಕೆ ಹತ್ತಲಿಲ್ಲ. ಆಮೇಲೆ ಬಾಸ್‌ಗೆ ಚಕ್ ಇಸ್ರೇಲ್ಸ್ ಬಂದರು. ಲಫಾರೊ ಪಿಯಾನೊ ಜೊತೆ ಮಾತಿಗೆ ಮಾತು ಕೊಡುತ್ತಿದ್ದ. ಇವರು ಹಾಗಲ್ಲ, ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ ಇರುತ್ತಾರೆ. ನನಗೆ ಅದು ಕೊರತೆ ಅನ್ನಿಸಿಲ್ಲ. ತೀರಿಕೊಂಡವನ ದನಿಯಲ್ಲೇ ಇನ್ನೊಬ್ಬ ಮಾತಾಡಿದರೆ ಮನೆಯವರಿಗೆ ಸಂಕಟ ಅಲ್ವಾ?

ಅವ್ವ ಏನೂ ಅನ್ನಲಿಲ್ಲ. ಸೆಕೆ ಅಂತ ನಾನೇ ಸ್ವಿಚ್ ಹತ್ತಿರ ಹೋದೆ.

“ಈಗ್ಲೇ ಹಚ್ಚಬ್ಯಾಡ, ಮುಗೀಲಿ,” ಅಂದು ಮೊರವನ್ನು ಬದಿಗಿಟ್ಟಳು.