ಹೂಕುಂಡದೊಳಗಿನ ಪಿಸ್ತೂಲು

ಕೇಳುಗರಿಗೆ ನಮಸ್ಕಾರ. 1986ರ ಆಗಸ್ಟಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ತೆರೆಕಂಡ ‘ಎ ಬೆಟರ್ ಟುಮಾರೋ’ ಚಿತ್ರದ್ದೇ ಇವತ್ತಿನ ಮಾತು. ನಿರ್ದೇಶನ ಜಾನ್ ವೂ, ನಿರ್ಮಾಣ ತ್ಸುಯಿ ಹಾರ್ಕ್. ಖೋಟಾನೋಟಿನ ದಂಧೆಯ ಹೋ, ಅವನ ಜೀವದ ಗೆಳೆಯ ಮಾರ್ಕ್, ಪೊಲೀಸಾಗಿರುವ ತಮ್ಮ ಕಿಟ್: ಕಥೆ ಈ ಮೂವರದು.

ತೈವಾನಿನಲ್ಲಿ ಮೋಸಹೋಗಿ ಹೋ ಜೈಲು ಸೇರುತ್ತಾನೆ. ಸೇಡಿಗೆಂದು ಮಾರ್ಕ್ ಒಬ್ಬನೇ ಹೋಟೆಲಿಗೆ ಬರುತ್ತಾನೆ. ಹೆಣ್ಣೊಬ್ಬಳ ಜೊತೆ ಸರಸವಾಡುತ್ತಾ ಓಣಿಯುದ್ದಕ್ಕೂ ಹೂಕುಂಡಗಳಲ್ಲಿ ಪಿಸ್ತೂಲು ಬಚ್ಚಿಡುತ್ತಾ ಸಾಗುತ್ತಾನೆ. ಯಾಕೆ? ಎರಡು ಕೈಯಲ್ಲೂ ಪಿಸ್ತೂಲಿದ್ದರೆ ಮತ್ತೆ ಗುಂಡು ತುಂಬಲು ಕೈಯೇ ಉಳಿಯುವುದಿಲ್ಲ. ಅವನ ಬೆರೆಟ್ಟಾ ಪಿಸ್ತೂಲಿನ ಮ್ಯಾಗಜೀನಿನಲ್ಲಿ, ಅಂದರೆ ಗುಂಡು ತುಂಬುವ ಡಬ್ಬಿಯಲ್ಲಿ, ಹಿಡಿಯುವುದು 15 ಗುಂಡು. ಖಾಲಿಯಾದದ್ದನ್ನು ಬಿಸಾಕಿ, ವಾಪಸು ಬರುವಾಗ ಕುಂಡದಿಂದ ಹೊಸದನ್ನು ಎತ್ತಿಕೊಳ್ಳುತ್ತಾನೆ. ಆದರೂ ಸಾಯದೆ ಉಳಿದ ಒಬ್ಬ ಹಿಂದಿನಿಂದ ಕಾಲಿಗೆ ಹೊಡೆಯುತ್ತಾನೆ. ಲೆಕ್ಕ ತಪ್ಪುವುದು ಅಲ್ಲೇ.

ಇಂಥ ದೃಶ್ಯದ ಸ್ಲೋ ಮೋಷನ್ ಪುಕ್ಕಟೆ ಸಿಗುವುದಲ್ಲ. ಮಾಮೂಲಿ 24 ಫ್ರೇಮಿನ ಬದಲು ಸೆಕೆಂಡಿಗೆ 96 ಫ್ರೇಮು ಓಡಿಸಿದರೆ ಒಂದು ಸೆಕೆಂಡು ತೆರೆಯ ಮೇಲೆ ನಾಲ್ಕಾಗುತ್ತದೆ. ರೀಲೂ ನಾಲ್ಕು ಪಟ್ಟು, ಬೆಳಕೂ ನಾಲ್ಕು ಪಟ್ಟು ಬೇಕು. ದೀಪ ಸಾಲದಿದ್ದರೆ ಚಿತ್ರ ಕಪ್ಪಿಡುತ್ತದೆ. ಶೂಟಿಂಗಿಗೆ ಬಳಸುವ, ಮದ್ದು ಮಾತ್ರ ಇರುವ ಖಾಲಿ ತೋಟಾದಲ್ಲಿ ಸೀಸವಿಲ್ಲದ ಕಾರಣ ಅನಿಲದ ಒತ್ತಡ ಸಾಲದು. ನಳಿಗೆಯ ಬಾಯಿ ಕಿರಿದು ಮಾಡದಿದ್ದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡು ಹಿಂದೆ ಸರಿಯದೆ ಪಿಸ್ತೂಲು ಒಂದೇ ಏಟಿಗೆ ಕಚ್ಚಿಕೊಳ್ಳುತ್ತದೆ. ಗುಂಡು ತಗುಲಿದಂತೆ ತೋರಿಸಲು ರಕ್ತದ ಚೀಲ, ಪುಟ್ಟ ಸಿಡಿಮದ್ದು, ಮೈಗೆ ತಾಗದಂತೆ ತಗಡು: ಇಷ್ಟನ್ನೂ ಅಂಗಿಯೊಳಗೆ ಕಟ್ಟಿದ ಮೇಲೆ ಟೇಕ್ ಕೆಟ್ಟರೆ ಹೊಸ ಅಂಗಿಯಿಂದಲೇ ಶುರು.

ಮಾರ್ಕ್ ಪಾತ್ರದ ಚೌ ಯುನ್‌ಫಾಟ್ ಆಗ ಟೀವಿಯಲ್ಲಿ ಮನೆಮಾತು, ಸಿನಿಮಾದಲ್ಲಿ ಸೋತ ಕುದುರೆ. ಉದ್ದ ಕೋಟು, ಕಪ್ಪು ಕನ್ನಡಕ, ಖೋಟಾ ಡಾಲರಿನಿಂದ ಹಚ್ಚಿದ ಸಿಗರೇಟು ಅವನನ್ನು ತಾರೆಯಾಗಿಸಿದವು ಅನ್ನುವುದು ಅರ್ಧ ಮಾತು. ಉಳಿದರ್ಧ ಅವನ ಕುಂಟು ಕಾಲು. ಜೈಲಿಂದ ಬಂದ ಹೋ ಕಾಣುವುದು, ಕಾರಿನ ಗಾಜು ಒರೆಸಿ ಹೊಟ್ಟೆ ಹೊರೆಯುವ, ನೆಲದ ಮೇಲೆ ಕೂತು ಡಬ್ಬಿ ಅನ್ನ ತಿನ್ನುವ ಮಾರ್ಕ್‌ನನ್ನು. ಹೋ ಪಾತ್ರದ ಟಿ ಲುಂಗ್ ಮೊದಲು ಹಾಂಗ್‌ಕಾಂಗ್‌ನ ಸ್ಟುಡಿಯೋ ಷಾ ಬ್ರದರ್ಸ್‌ನ ಕತ್ತಿವರಸೆ ಚಿತ್ರಗಳ ಹೀರೋ. ಆ ಚಿತ್ರಗಳ ಅಣ್ಣತಮ್ಮಿಕೆಯೇ ಇಲ್ಲಿ ಕತ್ತಿ ಬಿಟ್ಟು ಪಿಸ್ತೂಲು ಹಿಡಿದಿದೆ. ನಕಲು ಮಾಡಿದವರು ಕೋಟು ತಂದರು, ಕುಂಟನ್ನು ಬಿಟ್ಟರು.

ನೋಡುವುದಾದರೆ ಕ್ಯಾಂಟನೀಸ್ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ತುಟಿಗೂ ಮಾತಿಗೂ ಅಲ್ಲಲ್ಲಿ ತಾಳೆಯಾಗದಿದ್ದರೆ ಪ್ರತಿಯ ದೋಷವೆಂದುಕೊಳ್ಳಬೇಡಿ. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದೇ ಅಲ್ಲಿನ ಆಗಿನ ರೂಢಿ.