ಹ್ಯೂಗೋ ಪ್ರಶಸ್ತಿಗೆ ಮತ ಹಾಕೋದು ಹೇಗೆ?

ಹ್ಯೂಗೋ ಪ್ರಶಸ್ತಿ ಅಂದ್ರೆ ಪೀಠದ ಮೇಲೆ ನಿಂತ ರಾಕೆಟ್ ಆಕಾರದ ಟ್ರೋಫಿ. ವೈಜ್ಞಾನಿಕ ಕಥಾಲೋಕದ ಈ ದೊಡ್ಡ ಗೌರವವನ್ನು ಮೊದಲು ಕೊಟ್ಟಿದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ ನಡೆದ, ಈ ಕತೆಗಳ ಅಭಿಮಾನಿಗಳ ವಾರ್ಷಿಕ ಸಮ್ಮೇಳನ ವರ್ಲ್ಡ್‌ಕಾನ್‌ನಲ್ಲಿ. ಕೆಳಗಿನ ಪೀಠದ ವಿನ್ಯಾಸ ವರ್ಷವರ್ಷವೂ ಬದಲಾಗುತ್ತೆ. ಇಲ್ಲಿ ತೀರ್ಪುಗಾರರ ಸಮಿತಿ ಇಲ್ಲ, ಆರಿಸೋರು ಓದುಗರೇ. ವರ್ಲ್ಡ್‌ಕಾನ್ ಸದಸ್ಯತ್ವ ಇದ್ದರೆ ಹುಬ್ಬಳ್ಳಿಯಲ್ಲಿ ಕೂತೇ ಮತ ಹಾಕಬಹುದು.

ಮೊದಲು ನಾಮನಿರ್ದೇಶನ. ಹಿಂದಿನ ವರ್ಷ ಪ್ರಕಟವಾದವುಗಳಲ್ಲಿ ಒಂದೊಂದು ವಿಭಾಗಕ್ಕೆ 5 ಹೆಸರುಗಳವರೆಗೆ ಬರೀಬಹುದು. ಸಣ್ಣಕತೆ ಅಂದ್ರೆ 7,500 ಪದಗಳಿಗಿಂತ ಕಡಿಮೆ, ಕಾದಂಬರಿ ಅಂದ್ರೆ 40,000 ಅಥವಾ ಹೆಚ್ಚು. ಅಭಿಮಾನಿ ಬರಹಗಾರರಿಗೆ, ಅಭಿಮಾನಿಗಳೇ ಹೊರತರೋ ಪತ್ರಿಕೆಗಳಾದ ಫ್ಯಾನ್‌ಝೀನ್‌ಗಳಿಗೆ ಬೇರೆಯೇ ವಿಭಾಗಗಳಿವೆ.

ಐದು ಹೆಸರು ಬರೆದರೆ ಮತ ಹಂಚಿಹೋಗುತ್ತೆ ಅಂತ ಹಲವರು ಒಂದೇ ಹೆಸರು ಬರೀತಾರೆ. ಆ ಭಯ ಬೇಡ. ನಿಮ್ಮ ಮತಕ್ಕೆ ಒಟ್ಟು 1 ಅಂಕ. ಐದು ಕತೆ ಇದ್ದರೆ ತಲಾ 0.2. ಎರಡು ಹೊರಬಿದ್ದರೆ ಉಳಿದ ಮೂರಕ್ಕೂ ಮೂರನೇ ಒಂದು ಭಾಗ ಸಿಗುತ್ತೆ, ಕೊನೆಗೆ ಒಂದೇ ಉಳಿದರೆ ಪೂರ್ತಿ ಅಂಕ ಅದಕ್ಕೇ. ಪ್ರತಿ ಸುತ್ತಿನಲ್ಲೂ ಅತಿ ಕಡಿಮೆ ಅಂಕದ ಎರಡನ್ನು ಹೋಲಿಸಿ, ಕಡಿಮೆ ಜನ ಸೂಚಿಸಿದ್ದನ್ನು ತೆಗೀತಾರೆ. ಆರು ಉಳಿಯೋವರೆಗೂ ಇದೇ. 2015ರಲ್ಲಿ ಕೆಲವು ಗುಂಪುಗಳು ಒಂದೇ ಪಟ್ಟಿ ಹಿಡಿದು ಸೂಚಿಸಿ ಅಂತಿಮ ಪಟ್ಟಿಯನ್ನೇ ತುಂಬಿಬಿಟ್ಟವು. ಹಾಗಾಗಿ 2017ರಿಂದ ಈ ಲೆಕ್ಕ ಬಂತು. ಈಗ ಒಂದೇ ಪಟ್ಟಿಯ ಕೃತಿಗಳು ಒಂದೇ ಅಂಕಕ್ಕೆ ತಮ್ಮತಮ್ಮಲ್ಲೇ ಕಿತ್ತಾಡಬೇಕು. ನನ್ನ ಮಟ್ಟಿಗೆ ಇದು ತುಂಬಾ ನ್ಯಾಯವಾದ ತಿದ್ದುಪಡಿ.

ಅಂತಿಮ ಮತಪತ್ರದಲ್ಲಿ ಇಷ್ಟದ ಕ್ರಮದಲ್ಲಿ 1, 2, 3 ಅಂತ ಹಾಕಬೇಕು. 'ನೋ ಅವಾರ್ಡ್' ಅನ್ನೋ ಆಯ್ಕೆಯೂ ಇರುತ್ತೆ, ಅಂದ್ರೆ ಯಾರಿಗೂ ಪ್ರಶಸ್ತಿ ಬೇಡ ಅಂತ. ತಪ್ಪಾಗೋದು ಇಲ್ಲೇ. ಮೂರೇ ಕೃತಿ ಯೋಗ್ಯ ಅನ್ನಿಸಿದರೆ ನಾಲ್ಕನೇ ಸ್ಥಾನಕ್ಕೆ ನೋ ಅವಾರ್ಡ್ ಹಾಕಿ, ಉಳಿದದ್ದು ಖಾಲಿ ಬಿಡಿ. ಸುಮ್ಮನೆ 5, 6 ಅಂತ ತುಂಬಿದರೆ, ಮೇಲಿನವೆಲ್ಲ ಹೊರಬಿದ್ದಾಗ ನಿಮ್ಮ ಮತ ಬೇಡವಾದ ಕೃತಿಗೇ ಹೋಗುತ್ತೆ. ಗೆದ್ದ ಮೇಲೂ ಇನ್ನೊಂದು ಪರೀಕ್ಷೆ ಇದೆ: ಗೆದ್ದ ಕೃತಿಯನ್ನು ನೋ ಅವಾರ್ಡ್‌ಗಿಂತ ಕೆಳಗಿಟ್ಟವರೇ ಹೆಚ್ಚಿದ್ದರೆ ಪ್ರಶಸ್ತಿ ಇಲ್ಲ. 2015ರಲ್ಲಿ ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಸಿಗಲಿಲ್ಲ.

ದುಡ್ಡು ಕೊಟ್ಟು ಮತ ಖರೀದಿಸೋಕೂ ನೋಡ್ತಾರೆ. 2024ರಲ್ಲಿ ಗ್ಲಾಸ್ಗೋದಲ್ಲಿ ಸಮ್ಮೇಳನ ನಡೆಸಿದ ತಂಡ 377 ಮತಗಳನ್ನು ನಕಲಿ ಅಂತ ತಳ್ಳಿಹಾಕಿ, ಅದನ್ನು ಫಲಿತಾಂಶಕ್ಕೆ ಮೊದಲೇ ಬಹಿರಂಗವಾಗಿ ಹೇಳಿತು.

ಕನ್ನಡದ ಕತೆಗೂ ಇಲ್ಲಿ ಜಾಗ ಇದೆ. ಕನ್ನಡದಲ್ಲಿ ಪ್ರಕಟವಾದ ವರ್ಷದ ಲೆಕ್ಕದಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದ ಮೊದಲು ಬಂದ ವರ್ಷದ ಲೆಕ್ಕದಲ್ಲಿ ಮತ್ತೊಮ್ಮೆ ಅರ್ಹತೆ ಸಿಗುತ್ತೆ. 2015ರ ಕಾದಂಬರಿ ಪ್ರಶಸ್ತಿ ಚೀನೀ ಲೇಖಕ ಲಿಯು ತ್ಸಿಶಿನ್ ಅವರಿಗೆ ಸಿಕ್ಕಿದ್ದು ಈ ಎರಡನೇ ದಾರಿಯಲ್ಲೇ. ನಿಮಗೆ ಗೊತ್ತಿರೋ ಅನುವಾದ ಇದ್ದರೆ ಅದು ಪ್ರಕಟವಾದ ವರ್ಷ ನೋಡಿ ಸೂಚಿಸಿ.